ಸಾಕುಮೊಲದ ಗೂಡು

ಸಾಕುಮೊಲದ ಗೂಡು ಎಂದರೆ ಮನೆಯಲ್ಲಿ ಅಕ್ಕರೆಗಾಗಿ ಸಾಕುವ ಮೊಲಗಳ ವಾಸ, ವಿಶ್ರಾಂತಿ ಹಾಗೂ ರಕ್ಷಣೆಗಾಗಿ ನಿರ್ಮಿಸುವ ಪಂಜರ ಅಥವಾ ಪೆಟ್ಟಿಗೆಯಾಕಾರದ ಮನೆ. ನಿಸರ್ಗದಲ್ಲಿ ಬೇಟೆಗೆ ಬಲಿಯಾಗುವ ಪ್ರಾಣಿಯಾದ ಮೊಲವು ನೋವನ್ನೂ ಕಾಯಿಲೆಯನ್ನೂ ಸುಲಭವಾಗಿ ಹೊರಗೆ ತೋರಗೊಡುವುದಿಲ್ಲ. ಆದುದರಿಂದ ಗೂಡಿನ ದೋಷಗಳು ಅನೇಕ ವೇಳೆ ಪ್ರಾಣಿ ಹಾಸಿಗೆ ಹಿಡಿದ ಮೇಲೆಯೇ ಸಾಕುವವರ ಗಮನಕ್ಕೆ ಬರುತ್ತವೆ.

ಹಿನ್ನೆಲೆ

ಜಗತ್ತಿನ ಎಲ್ಲ ಸಾಕುಮೊಲಗಳೂ ಯುರೋಪಿನ ಮೊಲದ (ಒರಿಕ್ಟೊಲ್ಯಾಗಸ್ ಕ್ಯುನಿಕ್ಯುಲಸ್) ಸಂತತಿಗೆ ಸೇರಿದವು. ಈ ಪ್ರಭೇದದ ಮೂಲನೆಲೆ ಸ್ಪೇನ್, ಪೋರ್ಚುಗಲ್ ಮತ್ತು ಅವುಗಳ ನೆರೆಯ ಪ್ರದೇಶ. ಅಲ್ಲಿ ಇವು ನೆಲದಲ್ಲಿ ಬಿಲ ತೋಡಿ ಗುಂಪಾಗಿ ಬಾಳುತ್ತವೆ. ಮುಂಜಾವು ಮತ್ತು ಮುಸ್ಸಂಜೆಯ ವೇಳೆ ಹೊರಬಂದು ಮೇಯುತ್ತವೆ. ಬಿಲದ ತಂಪು, ಕತ್ತಲೆ, ಅಡಗುತಾಣ ಹಾಗೂ ಹೊರಗೆ ಓಡಾಡುವ ಬಯಲು ಇವೆಲ್ಲಕ್ಕೂ ಸಾಕುವವರು ಬದಲಿ ವ್ಯವಸ್ಥೆ ಮಾಡಬೇಕಾಗುತ್ತದೆ.

ಕರ್ನಾಟಕದ ಹೊಲ ಮತ್ತು ಕುರುಚಲು ಕಾಡುಗಳಲ್ಲಿ ಕಾಣಸಿಗುವ ಕಾಡುಮೊಲ (ಲೆಪಸ್ ನೈಗ್ರಿಕಾಲಿಸ್) ಬೇರೆಯೇ ಕುಲಕ್ಕೆ ಸೇರಿದ್ದು. ಅದು ಬಿಲ ತೋಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿರುವುದರಿಂದ ಅದನ್ನು ಹಿಡಿದು ಸಾಕುವುದು ಅಪರಾಧವಾಗುತ್ತದೆ.

ಅಳತೆ

ಗೂಡಿನೊಳಗೆ ಮೊಲವು ಮೈಚಾಚಿ ಮಲಗಲು, ಕಿವಿ ಮಾಡಿಗೆ ತಗುಲದಂತೆ ಹಿಂಗಾಲುಗಳ ಮೇಲೆ ನಿಲ್ಲಲು ಮತ್ತು ಕೆಲವು ನೆಗೆತಗಳಷ್ಟು ದೂರ ಓಡಲು ಅವಕಾಶವಿರಬೇಕು. ಬ್ರಿಟನ್ನಿನ ರ‍್ಯಾಬಿಟ್ ವೆಲ್ಫೇರ್ ಅಸೋಸಿಯೇಷನ್ ಅಂಡ್ ಫಂಡ್ ಸಂಸ್ಥೆಯು ಜೋಡಿ ಮೊಲಗಳಿಗೆ 3 ಮೀಟರ್ ಉದ್ದ, 2 ಮೀಟರ್ ಅಗಲ ಹಾಗೂ 1 ಮೀಟರ್ ಎತ್ತರದ ಆವರಣವನ್ನು ಶಿಫಾರಸು ಮಾಡುತ್ತದೆ. ಇಷ್ಟು ಸ್ಥಳವಿಲ್ಲದ ಮನೆಗಳಲ್ಲಿ ಗೂಡನ್ನು ರಾತ್ರಿಯ ತಂಗುದಾಣವಾಗಿ ಮಾತ್ರ ಬಳಸಿ, ದಿನದಲ್ಲಿ ಹಲವು ಗಂಟೆ ಸುರಕ್ಷಿತವಾದ ಕೋಣೆ ಅಥವಾ ಅಂಗಳದಲ್ಲಿ ಬಿಡುವುದು ಒಳಿತು. ಆಗ ವಿದ್ಯುತ್ ತಂತಿಗಳು ಅದರ ಬಾಯಿಗೆ ಸಿಗದಂತೆ ನೋಡಿಕೊಳ್ಳಬೇಕು.

ಚಲನವಲನಕ್ಕೆ ಸಾಕಷ್ಟು ಉದ್ದ, ಅಗಲ, ಎತ್ತರವಿಲ್ಲದ ಪಂಜರದಲ್ಲಿ ಯಾವುದೇ ಪ್ರಾಣಿಯನ್ನು ಕೂಡಿಡುವುದು ಭಾರತದ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೆಯ ವಿಧಿಯ ಪ್ರಕಾರ ಕ್ರೌರ್ಯವೆನಿಸುತ್ತದೆ.

ನೆಲ ಮತ್ತು ಹಾಸು

ನಾಯಿ, ಬೆಕ್ಕುಗಳಂತೆ ಮೊಲದ ಪಾದದಡಿಯಲ್ಲಿ ಮೆತ್ತೆಗಳಿಲ್ಲ; ದಟ್ಟ ರೋಮವೇ ಅದಕ್ಕೆ ಆಸರೆ. ಹಿಕ್ಕೆ ಕೆಳಗೆ ಬೀಳಲೆಂದು ಹಾಕುವ ತಂತಿಜಾಲರಿಯ ನೆಲದ ಮೇಲೆ ಸದಾ ಕುಳಿತರೆ ರೋಮ ಸವೆದು ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಇದನ್ನು ತಡೆಯಲು ಹಲಗೆಯ ನೆಲದ ಮೇಲೆ ಒಣಹುಲ್ಲನ್ನು ದಪ್ಪವಾಗಿ ಹಾಸಲಾಗುತ್ತದೆ. ದೇವದಾರು, ಪೈನ್ ಮುಂತಾದ ಸುವಾಸನೆಯ ಮರಗಳ ಹೊಟ್ಟು ಉಸಿರಾಟಕ್ಕೆ ತೊಂದರೆ ಕೊಡಬಹುದಾದ್ದರಿಂದ ಹಾಸಿಗೆ ಯೋಗ್ಯವಲ್ಲ. ಮೊಲವು ಸಾಮಾನ್ಯವಾಗಿ ಒಂದೇ ಮೂಲೆಯಲ್ಲಿ ಮೂತ್ರ ಮಾಡುವುದರಿಂದ ಅಲ್ಲೊಂದು ತಟ್ಟೆಯನ್ನಿಟ್ಟರೆ ಉಳಿದ ಭಾಗ ಒಣಗಿರುತ್ತದೆ. ಒದ್ದೆ ಹಾಸನ್ನು ಪ್ರತಿದಿನ ತೆಗೆಯದಿದ್ದರೆ ಅಮೋನಿಯಾ ತುಂಬಿ ಶ್ವಾಸಕೋಶದ ಕಾಯಿಲೆಗಳು ತಲೆದೋರುತ್ತವೆ. ಮಳೆಗಾಲದಲ್ಲಿ ಕೊಳೆಯಾದ ರೋಮದಲ್ಲಿ ನೊಣಗಳು ಮೊಟ್ಟೆಯಿಟ್ಟು, ಹುಳುಗಳು ಚರ್ಮವನ್ನು ಕೊರೆದು ಪ್ರಾಣಕ್ಕೇ ಸಂಚಕಾರ ತರುತ್ತವೆ.

ಉಷ್ಣತೆ

ಮೊಲವು ಬೆವರಿ ಮೈ ತಣಿಸಿಕೊಳ್ಳಲಾರದು. ಕಿವಿಗಳ ರಕ್ತನಾಳಗಳ ಮೂಲಕ ಶಾಖವನ್ನು ಹೊರಹಾಕುತ್ತದೆ. ಚಳಿಯನ್ನು ಅದು ಬಲ್ಲಷ್ಟು ಸೆಕೆಯನ್ನು ತಾಳಲಾರದು. 30 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ಅಪಾಯಕಾರಿ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯಂತಹ ಕಡೆ ತಗಡಿನ ಮಾಡು ಗೂಡನ್ನು ಕುಲುಮೆಯಂತಾಗಿಸಬಲ್ಲದು. ನೆರಳು, ಗಾಳಿಯಾಟ, ಸುತ್ತ ಇಳಿಬಿಟ್ಟ ಒದ್ದೆ ಗೋಣಿತಾಟು ಮತ್ತು ಮಲಗಲು ತಂಪಾದ ಕಲ್ಲುಚಪ್ಪಡಿ ಉಪಯುಕ್ತ. ಮೊಲವು ಏದುಸಿರು ಬಿಡುತ್ತ, ಜೊಲ್ಲು ಸುರಿಸುತ್ತ ನಿತ್ರಾಣವಾಗಿ ಬಿದ್ದಿದ್ದರೆ ಅದನ್ನು ನೆರಳಿಗೆ ಒಯ್ದು, ಕಿವಿಗಳನ್ನು ತಣ್ಣೀರಿನಿಂದ ಒದ್ದೆ ಮಾಡಿ ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು. ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಬಾರದು.

ರಕ್ಷಣೆ

ಬೀದಿನಾಯಿ, ಬೆಕ್ಕು, ಮುಂಗುಸಿ, ಹಾವು ಮತ್ತು ಹೆಗ್ಗಣಗಳು ಮೊಲದ ಮುಖ್ಯ ಶತ್ರುಗಳು. ಗೂಡನ್ನು ನೆಲದಿಂದ ಎತ್ತರದಲ್ಲಿರಿಸಿ, ಸಣ್ಣ ಕಣ್ಣಿನ ಗಟ್ಟಿ ಜಾಲರಿ ಹಾಗೂ ಭದ್ರವಾದ ಚಿಲಕ ಹಾಕಬೇಕು. ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿಟ್ಟರೆ, ರೋಮವಿಲ್ಲದೆ ಕಣ್ಣು ತೆರೆಯದೆ ಹುಟ್ಟುವ ಮರಿಗಳನ್ನು ಇರುವೆಗಳಿಂದ ಕಾಪಾಡಬಹುದು. ಶತ್ರು ಒಳನುಗ್ಗದಿದ್ದರೂ ಅದನ್ನು ಕಂಡ ಗಾಬರಿಯೊಂದೇ ಮೊಲವನ್ನು ಕೊಲ್ಲಬಲ್ಲದು. ಆದ್ದರಿಂದ ಒಳಗೆ ಅಡಗಲು ಮುಚ್ಚಿದ ಪೆಟ್ಟಿಗೆಯೊಂದು ಇರಲೇಬೇಕು.

ಮೊಲದ ಮೂಳೆಗಳು ಹಗುರ, ಹಿಂಗಾಲುಗಳು ಬಲಿಷ್ಠ. ಹಿಡಿತದಲ್ಲಿ ಕೊಸರಾಡಿ ಒದ್ದರೆ ಅದರ ಬೆನ್ನೆಲುಬೇ ಮುರಿಯಬಹುದು. ಗೂಡಿನಿಂದ ತೆಗೆಯುವಾಗ ಕಿವಿ ಹಿಡಿದು ಎತ್ತದೆ, ಒಂದು ಕೈಯನ್ನು ಎದೆಯಡಿ, ಇನ್ನೊಂದನ್ನು ಹಿಂಭಾಗದಡಿ ಇರಿಸಿ ಮೈಗೆ ಒತ್ತಿ ಹಿಡಿಯುವುದು ಸರಿಯಾದ ಕ್ರಮ.

ಆಹಾರ ಮತ್ತು ಆರೋಗ್ಯ

ಮೊಲದ ಹಲ್ಲುಗಳು ಜೀವನಪರ್ಯಂತ ಬೆಳೆಯುತ್ತವೆ. ಅವು ಸವೆಯಲೂ ಕರುಳು ಚಲಿಸುತ್ತಿರಲೂ ಗೂಡಿನಲ್ಲಿ ಸದಾಕಾಲ ಬೂಷ್ಟು ಹಿಡಿಯದ ಒಣಹುಲ್ಲು ಮತ್ತು ಶುದ್ಧ ನೀರು ಇರಬೇಕು. ಗಜ್ಜರಿ ಹಾಗೂ ಹಣ್ಣುಗಳಲ್ಲಿ ಸಕ್ಕರೆ ಹೆಚ್ಚಿರುವುದರಿಂದ ಅವು ಅಪರೂಪದ ತಿನಿಸಾಗಿರಬೇಕೇ ಹೊರತು ದಿನದ ಊಟವಾಗಬಾರದು.

ಮೊಲ ಸುಮ್ಮನೆ ಮೂಲೆ ಹಿಡಿದು ಕೂರುವುದು, ಹಲ್ಲು ಕಡಿಯುವುದು, ಹಿಕ್ಕೆ ಚಿಕ್ಕದಾಗುವುದು ಅಸ್ವಾಸ್ಥ್ಯದ ಸೂಚನೆಗಳು. 12 ಗಂಟೆಗಳ ಕಾಲ ಆಹಾರ ಮುಟ್ಟದಿದ್ದರೆ ಅಥವಾ ಹಿಕ್ಕೆ ಹಾಕದಿದ್ದರೆ ಕರುಳಿನ ಚಲನೆ ನಿಂತಿರುವ ಸಂಭವವಿದ್ದು, ತಡಮಾಡದೆ ಚಿಕಿತ್ಸೆ ಕೊಡಿಸುವುದು ಅಗತ್ಯ. ಪ್ರತಿದಿನ ಬೆಳಿಗ್ಗೆ ಗೂಡನ್ನು ಶುಚಿಗೊಳಿಸುವಾಗ ಹಿಕ್ಕೆಯನ್ನೂ ಉಳಿದ ಮೇವನ್ನೂ ಗಮನಿಸುವುದರಿಂದ ಇಂತಹ ಅಪಾಯವನ್ನು ಬೇಗನೆ ಗುರುತಿಸಬಹುದು.