ಹುಲ್ಲಿನಿಂದ ಹಾಳೆಯವರೆಗೆ

ನಿಮ್ಮ ಕೈಯಲ್ಲಿರುವ ಈ ಸಂಚಿಕೆಯ ಹಾಳೆಯನ್ನು ಒಮ್ಮೆ ಮುಟ್ಟಿ ನೋಡಿ. ಕಾಗದ ಯಾವುದರಿಂದ ಆಗುತ್ತದೆ ಎಂದು ಕೇಳಿದರೆ ‘ಮರದಿಂದ’ ಎಂದು ಥಟ್ಟನೆ ಉತ್ತರಿಸುತ್ತೀರಿ. ಆದರೆ ಕಾಗದದ ಎರಡು ಸಾವಿರ ವರ್ಷಗಳ ಇತಿಹಾಸದಲ್ಲಿ ಮರದ ತಿರುಳು ಬಂದದ್ದು 19ನೇ ಶತಮಾನದಲ್ಲಿ. ಅದಕ್ಕೆ ಮೊದಲು ಕಾಗದವಾದದ್ದು ಹೆಚ್ಚಾಗಿ ಜನರು ಬೇಡವೆಂದು ಎಸೆದ ವಸ್ತುಗಳೇ.

ಚೀನಾದ ಅರಮನೆಯ ಅಧಿಕಾರಿ ತ್ಸಾಯ್ ಲುನ್ ಕ್ರಿ.ಶ. 105ರಲ್ಲಿ ಮರದ ತೊಗಟೆ, ಚಿಂದಿ ಬಟ್ಟೆ, ಹಳೆಯ ಮೀನಿನ ಬಲೆಗಳಿಂದ ಕಾಗದ ಮಾಡುವ ಕ್ರಮವನ್ನು ಚಕ್ರವರ್ತಿಗೆ ಒಪ್ಪಿಸಿದನು. ಮುಂದೆ ಈ ವಿದ್ಯೆ ಸಮರ್ಕಂದಕ್ಕೆ ಬಂದು, 8ನೇ ಶತಮಾನದ ಕೊನೆಗೆ ಬಾಗ್ದಾದನ್ನು ತಲುಪಿತು. ಪಾರಸಿಯ ‘ಕಾಗಜ್’ ಉರ್ದುವಿನಲ್ಲಿ ಹಾಗೆಯೇ ಉಳಿಯಿತು, ಕನ್ನಡದಲ್ಲಿ ‘ಕಾಗದ’ವಾಯಿತು. ಎರಡೂ ಭಾಷೆಗಳನ್ನು ಕಲಿಸುವ ನನಗೆ ಈ ಪದದ ಮೇಲೆ ವಿಶೇಷ ಮಮತೆ.

ಕಾಶ್ಮೀರದಲ್ಲಿ 15ನೇ ಶತಮಾನದ ಸುಲ್ತಾನ್ ಜೈನುಲ್ ಆಬಿದೀನ್ ಈ ಕಸುಬಿಗೆ ಆಶ್ರಯ ಕೊಟ್ಟನು. ದೌಲತಾಬಾದಿನ ಬಳಿ ‘ಕಾಗಜಿಪುರ’ ಎಂಬ ಊರೇ ಇದೆ. ಜೈಪುರದ ಹತ್ತಿರದ ಸಾಂಗಾನೇರಿನ ಕುಶಲಕರ್ಮಿಗಳಿಗೆ ‘ಕಾಗಜಿ’ ಎಂಬುದೇ ಮನೆತನದ ಹೆಸರು. ಇವರು ಚಿಂದಿ, ಹಳೆಯ ಹಗ್ಗ, ಗೋಣಿಗಳನ್ನು ಕುಟ್ಟಿ ಹಾಳೆ ಮಾಡಿದರು. ಬರೆದವರ ಹೆಸರು ಗ್ರಂಥದಲ್ಲಿ ಉಳಿಯಿತು. ಹಾಳೆ ಮಾಡಿದವರ ಹೆಸರು ಉಳಿಯಲಿಲ್ಲ.

ಇನ್ನು ಹುಲ್ಲಿನ ವಿಚಾರ. ಚೀನಾದ ಹೆಸರಾಂತ ‘ಶ್ವಾನ್’ ಕಾಗದದಲ್ಲಿ ತೊಗಟೆಯ ನಾರಿನೊಡನೆ ಬತ್ತದ ಹುಲ್ಲೂ ಸೇರುತ್ತದೆ. ಯುರೋಪಿನಲ್ಲಿ ಚಿಂದಿಗೆ ಅಭಾವ ಬಂದಾಗ ಮಥಾಯಸ್ ಕೂಪ್ಸ್ ಎಂಬುವನು 1800ರಲ್ಲಿ ಲಂಡನ್ನಿನಲ್ಲಿ ಹುಲ್ಲಿನ ಕಾಗದದ ಮೇಲೆಯೇ ಒಂದು ಪುಸ್ತಕ ಅಚ್ಚು ಹಾಕಿಸಿದನು. ಆದರೆ ಅವನ ಕಾರ್ಖಾನೆ ಕೆಲವೇ ವರ್ಷಗಳಲ್ಲಿ ದಿವಾಳಿಯಾಯಿತು.

ಹುಲ್ಲು ಹಾಳೆಯಾಗುವ ಬಗೆ ಹೀಗೆ. ಹುಲ್ಲನ್ನು ಸಣ್ಣಗೆ ಕತ್ತರಿಸಿ ನೆನೆಸಿ, ಸುಣ್ಣ ಅಥವಾ ಸೋಡಾ ಹಾಕಿ ಬೇಯಿಸುತ್ತಾರೆ. ಆಗ ನಾರನ್ನು ಬಿಗಿದಿದ್ದ ಅಂಟು ಸಡಿಲವಾಗುತ್ತದೆ. ಚೆನ್ನಾಗಿ ತೊಳೆದು, ಕುಟ್ಟಿ, ನೀರು ತುಂಬಿದ ತೊಟ್ಟಿಯಲ್ಲಿ ಕದಡುತ್ತಾರೆ. ಜಾಲರಿಯ ಚೌಕಟ್ಟನ್ನು ಮುಳುಗಿಸಿ ಎತ್ತಿದರೆ ನೀರು ಸೋರಿ ತೆಳುವಾದ ಪದರ ನಿಲ್ಲುತ್ತದೆ. ಅದನ್ನು ಬಟ್ಟೆಯ ಮೇಲೆ ಮಗುಚಿ, ಒತ್ತಿ, ಒಣಗಿಸುತ್ತಾರೆ. ಶಾಯಿ ಹರಡದಿರಲೆಂದು ಗಂಜಿ ಸವರಿ, ನುಣುಪಾದ ಕಲ್ಲಿನಿಂದ ಉಜ್ಜುತ್ತಾರೆ. ಹುಲ್ಲಿನ ನಾರು ಗಿಡ್ಡ. ಅದೊಂದರಿಂದಲೇ ಮಾಡಿದ ಹಾಳೆ ಬೇಗ ಮುರಿಯುತ್ತದೆ. ಆದ್ದರಿಂದ ಹತ್ತಿಯ ಚಿಂದಿಯಂಥ ಉದ್ದ ನಾರನ್ನು ಬೆರೆಸಬೇಕು.

ಯಂತ್ರದ ಕಾಗದ ಬಂದ ಮೇಲೆ ಕಾಗಜಿಗಳ ತೊಟ್ಟಿಗಳು ಒಂದೊಂದಾಗಿ ಒಣಗಿದವು. 1934ರಲ್ಲಿ ಗಾಂಧೀಜಿ ವರ್ಧಾದಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘವನ್ನು ಸ್ಥಾಪಿಸಿದಾಗ ಕೈಕಾಗದಕ್ಕೂ ಅದರಲ್ಲಿ ಸ್ಥಾನ ಸಿಕ್ಕಿತು. ಸಂಘವನ್ನು ನಡೆಸಿದ ಜೆ.ಸಿ. ಕುಮಾರಪ್ಪನವರ ಹೆಸರಿನ ರಾಷ್ಟ್ರೀಯ ಕೈಕಾಗದ ಸಂಸ್ಥೆ ಇಂದು ಸಾಂಗಾನೇರಿನಲ್ಲಿಯೇ ಇದೆ.

ಈ ಇತಿಹಾಸ ಇಂದು ನಮಗೇಕೆ? ಪಂಜಾಬ್, ಹರಿಯಾಣಗಳಲ್ಲಿ ಯಂತ್ರದ ಕೊಯ್ಲಿನ ನಂತರ ಗದ್ದೆಯಲ್ಲಿ ಉಳಿದ ಬತ್ತದ ಹುಲ್ಲಿಗೆ, ಕೂಳೆಗೆ ಬೆಂಕಿ ಇಡುತ್ತಾರೆ. ಆ ಹೊಗೆ ದೆಹಲಿಯವರೆಗೂ ಹೋಗುತ್ತದೆ. ನಮ್ಮಲ್ಲಿ ಹುಲ್ಲು ದನಕರುಗಳ ಮೇವು. ಅವುಗಳ ಬಾಯಿಂದ ಕಸಿದು ಕಾಗದ ಮಾಡಿರೆಂದು ನಾನು ಹೇಳಲಾರೆ. ಸುಡಲು ಹೊರಟ ಹುಲ್ಲು ಮಾತ್ರ ಹಾಳೆಯಾದರೆ ಸಾಕು. ಕೈಕಾಗದವೊಂದೇ ಅಷ್ಟು ಹುಲ್ಲನ್ನೂ ಬಳಸಿ ಮುಗಿಸಲಾರದು, ನಿಜ. ಆದರೆ ಒಂದು ಹಳ್ಳಿಯ ಹತ್ತು ಮನೆಗಳಿಗೆ ಅದು ಅನ್ನವಾಗಬಲ್ಲದು.

ಮಕ್ಕಳೇ, ವರ್ಷದ ಕೊನೆಗೆ ನೋಟ್‌ಬುಕ್ಕಿನಲ್ಲಿ ಖಾಲಿ ಉಳಿದ ಹಾಳೆಗಳನ್ನು ಎಸೆಯಬೇಡಿ. ಹೊಲಿದು ಮತ್ತೊಂದು ಪುಸ್ತಕ ಮಾಡಿಕೊಳ್ಳಿ. ಚಿಂದಿ ಕುಟ್ಟಿ ವಿದ್ಯೆಗೆ ಹಾಳೆ ಒದಗಿಸಿದ ಆ ಹೆಸರಿಲ್ಲದ ಕೈಗಳಿಗೆ ನಾವು ಸಲ್ಲಿಸಬಹುದಾದ ಗೌರವ ಇದೇ.