ಗಂಟೆ ಎಷ್ಟಾಯಿತು?

ಗರ್ಭಗುಡಿಯ ಮುಂದೆ ತೂಗುವುದು ಗಂಟೆ, ದನದ ಕೊರಳಲ್ಲಿ ಆಡುವುದು ಗಂಟೆ, ಬಸ್ಸು ಬರಲು ಇನ್ನೂ ಉಳಿದಿರುವುದು ಅರ್ಧ ಗಂಟೆ. ವಿದ್ಯುತ್ ಬಿಲ್ಲಿನಲ್ಲಿ ನಾವು ಯೂನಿಟ್ ಎನ್ನುವುದೂ ಲೆಕ್ಕದ ಭಾಷೆಯಲ್ಲಿ ಒಂದು ಕಿಲೋವ್ಯಾಟ್ ಗಂಟೆ. ಲೋಹದ ಒಂದು ವಸ್ತುವಿನ ಹೆಸರು ಕಾಲದ ಅಳತೆಗೆ ಅಂಟಿಕೊಂಡು ಕೂತಿದೆ, ಆದರೆ ದಿನಕ್ಕೆ ಹತ್ತು ಸಲ ಆ ಮಾತು ಆಡುವ ನಮಗೆ ಅದು ವಿಚಿತ್ರ ಅನ್ನಿಸುವುದಿಲ್ಲ. ಅಳತೆಗೆ ವಸ್ತುವಿನ ಹೆಸರು ಬರುವುದು ಹೊಸತೇನಲ್ಲ. ಸೇರು, ಕೊಳಗ, ಮಾರು, ಗೇಣು ಎಲ್ಲವೂ ಹಾಗೆ ಬಂದವೇ. ಆದರೆ ಸೇರು ಅಕ್ಕಿಯನ್ನು ಅಳೆಯುತ್ತದೆ, ಗೇಣು ಬಟ್ಟೆಯನ್ನು ಅಳೆಯುತ್ತದೆ. ಗಂಟೆ ಕಾಲವನ್ನು ಅಳೆಯುವುದೇ ಇಲ್ಲ. ಬೇರೆ ಯಾವುದೋ ಸಾಧನ ಅಳೆದು ಮುಗಿಸಿದ ಮೇಲೆ ಅದು ಊರಿಗೆಲ್ಲ ಸಾರುತ್ತದೆ, ಅಷ್ಟೆ. ಅಳೆದವನನ್ನು ಬಿಟ್ಟು ಡಂಗುರ ಹೊಡೆದವನ ಹೆಸರನ್ನು ಕನ್ನಡ ಏಕೆ ಇಟ್ಟುಕೊಂಡಿತು ಎಂಬುದು ಕೇಳಬೇಕಾದ ಪ್ರಶ್ನೆ. ಕಾಲವೆಂಬುದು ಕೈಯಲ್ಲಿ ಕಟ್ಟಿಕೊಂಡು ನೋಡುವ ಸ್ವಂತ ಆಸ್ತಿಯಾಗುವ ಮೊದಲು ಬಹಳ ಕಾಲ ಹತ್ತು ಜನರ ಕಿವಿಗೆ ಒಟ್ಟಿಗೆ ಬೀಳುವ ಸುದ್ದಿಯಾಗಿತ್ತು, ಆ ದಿನಗಳ ಗುರುತು ಈ ಪದದಲ್ಲಿ ಉಳಿದಿದೆ ಎಂಬುದು ನನ್ನ ವಾದ.

ಮೊದಲ ಸಾಕ್ಷಿ ನಮ್ಮ ವ್ಯಾಕರಣದಲ್ಲೇ ಇದೆ. ‘ಗಂಟೆ ಮೂರಾಯಿತು’ ಎನ್ನುತ್ತೇವೆ. ಎಣಿಸಿದ ಮಾವಿನಕಾಯಿ ಮೂರಾಯಿತು ಎಂದ ಹಾಗೆಯೇ ಈ ವಾಕ್ಯ: ಇಲ್ಲಿ ಎಣಿಸಿದ್ದು ಪೆಟ್ಟುಗಳನ್ನು. ‘ಆಗಲೇ ಒಂಬತ್ತು ಹೊಡೀತು’ ಎಂಬ ಮಾತಿನಲ್ಲಂತೂ ಮುಚ್ಚುಮರೆಯೇ ಇಲ್ಲ. ಹಿಂದಿಯವರು ‘ಕಿತ್ನೇ ಬಜೇ’ ಎಂದು ಕೇಳುವಾಗಲೂ ಅದರ ಅರ್ಥ ಎಷ್ಟು ಬಾರಿಸಿತು ಎಂದೇ. ಇನ್ನೊಂದು ಸೂಕ್ಷ್ಮವಿದೆ. ‘ಮೂರು ಗಂಟೆಗೆ ಬಾ’ ಎಂದರೆ ಯಾರಿಗೂ ಗೊಂದಲವಿಲ್ಲ. ಆದರೆ ಅವಧಿಯನ್ನು ಹೇಳಬೇಕಾದಾಗ ನಾಲಿಗೆ ಆಸರೆ ಹುಡುಕುತ್ತದೆ: ‘ಮೂರು ಗಂಟೆ ಹೊತ್ತು ಕಾದೆ’, ‘ಮೂರು ಗಂಟೆಗಳ ಕಾಲ ಮಾತಾಡಿದರು’. ಹೊತ್ತು, ಕಾಲ ಎಂಬ ಊರುಗೋಲು ಇಲ್ಲದೆಯೂ ಹೇಳಬಹುದು ನಿಜ. ಆದರೂ ಅದು ಇಷ್ಟು ಸಹಜವಾಗಿ ಬರುವುದನ್ನು ನೋಡಿದರೆ ‘ಇಂಥ ಹೊತ್ತಿಗೆ’ ಎಂಬ ಅರ್ಥ ಈ ಪದಕ್ಕೆ ಹಳೆಯದು, ‘ಇಷ್ಟು ಹೊತ್ತು’ ಎಂಬುದು ಆಮೇಲೆ ಬಂದದ್ದು ಎಂದು ತೋರುತ್ತದೆ. ಮೂರು ಪೆಟ್ಟು ಕೇಳಿದ ಗಳಿಗೆಯೇ ಮೂರು ಗಂಟೆ. ಒಂದು ಸದ್ದಿಗೂ ಮುಂದಿನ ಸದ್ದಿಗೂ ನಡುವಿನ ಮೌನವನ್ನೂ ಅದೇ ಹೆಸರಿನಿಂದ ಕರೆದದ್ದು ಎರಡನೇ ಹೆಜ್ಜೆ.

ಈ ನೆಲದಲ್ಲಿ ಅಳೆಯುವ ಕೆಲಸ ಮಾಡುತ್ತಿದ್ದದ್ದು ಮಡಕೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೊಳವೆಯಿಂದ ನೀರು ಸೋರಿಹೋಗುವ ಕುಂಭದ ಲೆಕ್ಕವಿದೆ. ಆಮೇಲೆ ಬಂದದ್ದು ಮುಳುಗುವ ಬಟ್ಟಲು: ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ಮೆಲ್ಲಗೆ ತುಂಬಿ ಮುಳುಗುತ್ತದೆ. ಹಗಲು ರಾತ್ರಿ ಸೇರಿ 60 ಸಲ ಮುಳುಗಿದರೆ ಒಂದು ಮುಳುಗು 24 ನಿಮಿಷ, ಅದೇ ಒಂದು ಘಟಿ. ಹಳಗನ್ನಡದವರು ಗಳಿಗೆವಟ್ಟಲು ಎಂದ ವಸ್ತು ಇದು. ಮದುವೆಯ ಮುಹೂರ್ತ ಹಿಡಿಯಲು ಚಪ್ಪರದಲ್ಲಿ ಇಡುತ್ತಿದ್ದದ್ದೂ ಇದನ್ನೇ. ಲಲ್ಲನಂಥ ಜ್ಯೋತಿಷಿಗಳು ಇದಕ್ಕೆ ಇಷ್ಟು ತೂಕದ ತಾಮ್ರ, ಇಷ್ಟು ಅಂಗುಲದ ಬಾಯಿ, ತೂತು ಕೊರೆಯಲು ಇಷ್ಟು ಉದ್ದದ ಚಿನ್ನದ ಸೂಜಿ ಎಂದು ಕಟ್ಟುನಿಟ್ಟು ಮಾಡಿದರು. 1150ರಲ್ಲಿ ಸಿದ್ಧಾಂತಶಿರೋಮಣಿ ಬರೆದ ಭಾಸ್ಕರಾಚಾರ್ಯರು ಆ ಗೋಜಿಗೇ ಹೋಗಲಿಲ್ಲ. ಬಟ್ಟಲು ಎಷ್ಟು ದೊಡ್ಡದಾದರೂ ಇರಲಿ, ಹಗಲಿರುಳಿನಲ್ಲಿ ಎಷ್ಟು ಸಲ ಮುಳುಗುತ್ತದೆಂದು ಎಣಿಸಿ ಭಾಗಿಸಿಕೊಂಡರೆ ಅಳತೆ ಸಿಕ್ಕಿತು ಎಂಬುದು ಅವರ ಸೂತ್ರ. ಕೈಯಲ್ಲಿರುವ ಸಾಧನವನ್ನು ಆಕಾಶಕ್ಕೆ ಹೋಲಿಸಿ ಸರಿಮಾಡಿಕೊಳ್ಳುವ ಈ ಉಪಾಯ ಇಂದಿನ ಪ್ರಯೋಗಾಲಯಕ್ಕೂ ಒಪ್ಪುವಂಥದ್ದು. ಘಟ, ಘಟಿ, ಗಳಿಗೆ, ಅಡುಗೆಮನೆಯ ಗಡಿಗೆ, ಗೋಡೆಯ ಗಡಿಯಾರ ಇವೆಲ್ಲ ಒಂದೇ ಒಕ್ಕಲು. (ಉತ್ತರದ ನದಿಗಳಲ್ಲಿರುವ ಘರಿಯಾಲ್ ಮೊಸಳೆಯ ಗಂಡಿನ ಮೂತಿಯ ಮೇಲೂ ಒಂದು ಗಡಿಗೆಯಂಥ ಗಂಟಿದೆ, ಹೆಸರು ಬಂದದ್ದು ಅದರಿಂದ.) ಎಂದ ಮೇಲೆ ಯಂತ್ರಕ್ಕೆ ಕನ್ನಡ ಮಡಕೆಯ ಹೆಸರನ್ನೇ ಉಳಿಸಿತು, ಆ ಯಂತ್ರ ಹೇಳುವ ಹೊತ್ತಿಗೆ ಮಾತ್ರ ಗಂಟೆಯ ಹೆಸರು ಕೊಟ್ಟಿತು. ಈ ಹಂಚಿಕೆ ಆಕಸ್ಮಿಕವಲ್ಲ.

ಏಕೆಂದರೆ ಬಟ್ಟಲು ಮುಳುಗುವುದನ್ನು ಕಾಣುವವನು ಪಕ್ಕದಲ್ಲಿ ಕುಳಿತ ಕಾವಲುಗಾರನೊಬ್ಬನೇ. ಊರಿಗೆ ತಿಳಿಯಬೇಕಾದರೆ ಸದ್ದಾಗಬೇಕು. ಏಳನೆಯ ಶತಮಾನದಲ್ಲಿ ಚೀನಾದಿಂದ ಬಂದ ಭಿಕ್ಷು ಇತ್ಸಿಂಗ್ ನಾಲಂದಾದಲ್ಲಿ ಬಟ್ಟಲು ಮುಳುಗಿದಾಗಲೆಲ್ಲ ನಗಾರಿ ಬಾರಿಸುತ್ತಿದ್ದದ್ದನ್ನು ಬರೆದಿಟ್ಟಿದ್ದಾನೆ. ಬಾಬರ್ ತನ್ನ ಆತ್ಮಕಥೆಯಲ್ಲಿ ಹಿಂದೂಸ್ತಾನದ ಊರುಗಳಲ್ಲಿ ಎತ್ತರದ ಜಾಗದಲ್ಲಿ ತೂಗುಹಾಕಿದ ಹಿತ್ತಾಳೆಯ ದಪ್ಪ ತಟ್ಟೆಯನ್ನೂ ಅದನ್ನು ಬಾರಿಸಲೆಂದೇ ನೇಮಕವಾದವರನ್ನೂ ವರ್ಣಿಸುತ್ತಾನೆ. ಅಲ್ಲಿ ಅವನು ಕಂಡುಕೊಂಡ ತೊಡಕು ಕಿವಿಯಿಂದ ಕಾಲ ತಿಳಿಯುವವರೆಲ್ಲರ ತೊಡಕು. ನಡುರಾತ್ರಿ ಎಚ್ಚರವಾದವನಿಗೆ ಮೂರು ಪೆಟ್ಟು ಕೇಳಿಸಿತು ಅನ್ನಿ. ಅದು ಎರಡನೇ ಜಾವದ ಮೂರನೇ ಗಳಿಗೆಯೋ, ಮೂರನೇ ಜಾವದ ಮೂರನೇ ಗಳಿಗೆಯೋ? ಗಳಿಗೆಯ ಪೆಟ್ಟುಗಳಾದ ಮೇಲೆ ಸ್ವಲ್ಪ ತಡೆದು ಜಾವದ ಸಂಖ್ಯೆಯನ್ನೂ ಬಾರಿಸಿ ಎಂದು ಅವನು ಆಜ್ಞೆ ಮಾಡಿದ. ಸಾಮ್ರಾಜ್ಯ ಕಟ್ಟುವ ಗಡಿಬಿಡಿಯ ನಡುವೆ ಒಬ್ಬ ದೊರೆ ಇಷ್ಟು ಚಿಕ್ಕ ವಿಷಯಕ್ಕೆ ತಲೆ ಕೆಡಿಸಿಕೊಂಡ ಎಂದರೆ, ಆ ಸದ್ದನ್ನು ನಂಬಿ ನಡೆಯುವ ಜನ ಸಾಕಷ್ಟಿದ್ದರು ಎಂದೇ ಅರ್ಥ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದೇನಲ್ಲ. 60 ನಿಮಿಷದ ಗಂಟೆ ನಮ್ಮದಲ್ಲ, ಯುರೋಪಿನ ಗಡಿಯಾರದ ಜೊತೆ ಬಂದದ್ದು; ಇಂಗ್ಲಿಷಿನ ‘ಓ ಕ್ಲಾಕ್’ ಎಂಬುದನ್ನು ಯಾರೋ ಗುಮಾಸ್ತರು ‘ಗಂಟೆ’ ಎಂದು ಅನುವಾದಿಸಿದ್ದಿರಬೇಕು, ಇದರಲ್ಲಿ ಕಿವಿಯ ಕಥೆ ಏನು ಬಂತು ಎನ್ನಬಹುದು. ಅಳತೆ ಹೊರಗಿನಿಂದ ಬಂತು ಎಂಬ ಅರ್ಧವನ್ನು ಒಪ್ಪಲೇಬೇಕು. ಎರಡೂವರೆ ಗಳಿಗೆ ಸೇರಿ ಒಂದು ಗಂಟೆ ಎಂಬ ಲೆಕ್ಕವೇ ಹೇಳುತ್ತದೆ, ಎರಡು ಬೇರೆ ಬೇರೆ ಮನೆಯ ಅಳತೆಗಳನ್ನು ಇಲ್ಲಿ ಬೆಸೆಯಲಾಗಿದೆ ಎಂದು. ಆದರೆ ಹೆಸರು ಅನುವಾದ ಎಂಬುದು ನಿಲ್ಲುವುದಿಲ್ಲ. ‘ಕ್ಲಾಕ್’ ಎಂಬ ಪದವೂ ಹುಟ್ಟಿದ್ದು ಲ್ಯಾಟಿನ್ನಿನ ಕ್ಲೊಕ್ಕ, ಅಂದರೆ ಗಂಟೆ ಎಂಬುದರಿಂದಲೇ. ಜರ್ಮನರ ಗ್ಲೋಕೆ, ಫ್ರೆಂಚರ ಕ್ಲೋಶ್ ಇಂದಿಗೂ ಗಂಟೆಯೇ. ಯುರೋಪಿನ ಮೊದಮೊದಲ ಯಂತ್ರಗಡಿಯಾರಗಳಿಗೆ ಮುಖವೂ ಇರಲಿಲ್ಲ ಮುಳ್ಳೂ ಇರಲಿಲ್ಲ. 1386ರದೆಂದು ಹೇಳಲಾಗುವ ಇಂಗ್ಲೆಂಡಿನ ಸಾಲ್ಸ್‌ಬರಿ ಚರ್ಚಿನ ಗಡಿಯಾರ ಈಗಲೂ ಹಾಗೆಯೇ ಇದೆ, ಅದಕ್ಕೆ ಬಾರಿಸಲು ಗೊತ್ತು, ತೋರಿಸಲು ಗೊತ್ತಿಲ್ಲ. ಆದರೆ ಇಂಗ್ಲಿಷರು ಇಲ್ಲಿಗೆ ಬರುವ ಹೊತ್ತಿಗೆ ಅವರ ಮಾತಿನಲ್ಲಿ ಕ್ಲಾಕ್ ಎಂದರೆ ಯಂತ್ರ ಮಾತ್ರ, ಗಂಟೆಯ ನೆನಪು ಅಳಿಸಿಹೋಗಿತ್ತು. ಆ ಪದವನ್ನು ತಿರುಗಿಸಿದವರು ‘ಮೂರು ಗಡಿಯಾರ’ ಎನ್ನಬೇಕಿತ್ತೇ ಹೊರತು ‘ಮೂರು ಗಂಟೆ’ ಎನ್ನಲು ಕಾರಣವಿಲ್ಲ. ನೆರೆಹೊರೆಯ ಸಾಕ್ಷಿಯೂ ಇದೆ. ತೆಲುಗಿನವರು ಗಂಟ ಎಂದರೆ ತಮಿಳರು, ಮಲಯಾಳಿಗಳು ಮಣಿ ಎನ್ನುತ್ತಾರೆ. ಅದು ಬೇರೆ ಬೇರಿನ ಪದ, ಅದಕ್ಕೂ ಬಾರಿಸುವ ಗಂಟೆ ಎಂಬ ಅರ್ಥವಿದೆ. ಮರಾಠಿಗರ ತಾಸು ಅರಬ್ಬಿ ಮೂಲದ್ದು, ಲೋಹದ ಬಟ್ಟಲಿನ ಹೆಸರು. ಒಂದೇ ಕಚೇರಿಯ ಅನುವಾದವಾಗಿದ್ದರೆ ಪದಗಳು ಹೀಗೆ ಚದುರುತ್ತಿರಲಿಲ್ಲ. ಪ್ರತಿ ಭಾಷೆಯೂ ತನ್ನ ಊರಿನಲ್ಲಿ ಸದ್ದು ಮಾಡುತ್ತಿದ್ದ ಲೋಹದ ಹೆಸರನ್ನು ತಾನೇ ಎತ್ತಿಕೊಂಡಿದೆ. ಗೋವೆಯ ಕೊಂಕಣಿಗರು ಮಾತ್ರ ಪೋರ್ಚುಗೀಸರ ‘ಹೋರ’ವನ್ನೇ ‘ವೊರ’ ಮಾಡಿಕೊಂಡರು. ಕಚೇರಿ, ಚರ್ಚಿನ ಭಾಷೆಯಿಂದ ಎರವಲು ತಂದರೆ ಹೇಗಿರುತ್ತದೆ ಎಂಬುದಕ್ಕೆ ಅದು ಮಾದರಿ.

ಆ ಹೋರದ ವಿಷಯ ಬಂದದ್ದರಿಂದ ಇನ್ನೊಂದು ಮಾತು. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇರೆ ಇಲ್ಲ. ದಿನದ 24ನೆಯ ಒಂದು ಪಾಲಿಗೆ ಕನ್ನಡದಲ್ಲಿ ಮೊದಲೇ ಒಂದು ಹೆಸರಿತ್ತು: ಹೋರೆ. ಗ್ರೀಕರ ‘ಹೋರ’ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಜ್ಯೋತಿಷದೊಡನೆ ಸಂಸ್ಕೃತಕ್ಕೆ ಬಂತು. ‘ಅಹೋರಾತ್ರ’ ಎಂಬುದರ ಮೊದಲ ಅಕ್ಷರವನ್ನೂ ಕೊನೆಯದನ್ನೂ ಕಿತ್ತರೆ ಹೋರಾ ಉಳಿಯುತ್ತದೆ ಎಂದು ಕೆಲವರು ಹೇಳುತ್ತಾರೆ ಎಂದು ವರಾಹಮಿಹಿರ ದಾಖಲಿಸುತ್ತಾನೆ. ಸೊಗಸಾದ ವಿವರಣೆ, ಆದರೆ ಪದ ಯವನರದು. ವಾರದ ಹೆಸರುಗಳ ಸರದಿ ನಿಂತಿರುವುದೇ ಈ ಹೋರೆಯ ಮೇಲೆ. ಏಳು ಗ್ರಹಗಳು ಒಂದೊಂದು ಹೋರೆಗೆ ಒಡೆಯರಾಗಿ ಸುತ್ತುವಾಗ 24ರಲ್ಲಿ ಏಳನ್ನು ಮೂರು ಸಲ ಕಳೆದು ಮೂರು ಉಳಿಯುತ್ತದೆ. ಆದ್ದರಿಂದ ಭಾನುವಾರದ ಸೂರ್ಯನ ನಂತರ ಶುಕ್ರ, ಬುಧರನ್ನು ದಾಟಿ ಚಂದ್ರನ ವಾರ ಬರುತ್ತದೆ. ಹೀಗೆ ಪಂಚಾಂಗದ ಪುಟದಲ್ಲಿ ಗುರು ಹೋರೆ, ಶುಕ್ರ ಹೋರೆ ಎಂದು ಸಿದ್ಧವಾಗಿದ್ದ, ಅಳತೆಯಲ್ಲೂ ಹೊಂದುತ್ತಿದ್ದ ಪದವನ್ನು ಬಿಟ್ಟು ಜನ ಗಂಟೆಯನ್ನು ಹಿಡಿದರು. ಹೋರೆ ಓದುವ ಪದವಾಗಿತ್ತು, ಗಂಟೆ ಕೇಳುವ ಪದ. ಪಂಚಾಂಗ ಓದಬಲ್ಲವರು ಎಲ್ಲ ಕಾಲಕ್ಕೂ ಕೆಲವರೇ. ಹನ್ನೆರಡರವರೆಗೆ ಎಣಿಸಲು ಮಾತ್ರ ಅಕ್ಷರ ಬರಬೇಕಾಗಿಲ್ಲ.

ಇನ್ನೊಬ್ಬರು ಕೇಳಬಹುದು: ಬಾಬರ್ ಕಂಡದ್ದು ಚಪ್ಪಟೆಯ ತಟ್ಟೆ, ಕನ್ನಡದಲ್ಲಿ ಅದು ಜಾಗಟೆ, ನಾಲಗೆ ಇರುವ ಗಂಟೆ ಬೇರೆ. ಹಾಗಿದ್ದರೆ ನಾವು ‘ಜಾಗಟೆ ಎಷ್ಟಾಯಿತು’ ಎನ್ನಬೇಕಿತ್ತಲ್ಲ? ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಹಳ್ಳಿಯ ಶಾಲೆಯ ಜಗಲಿಯಲ್ಲಿ ತೂಗುತ್ತಿರುತ್ತದೆ. ಅಲ್ಲಿರುವುದು ಎಷ್ಟೋ ಕಡೆ ರೈಲು ಕಂಬಿಯ ಒಂದು ತುಂಡು, ಹೊಡೆಯುವುದು ಕಬ್ಬಿಣದ ಸರಳಿನಿಂದ, ಆದರೂ ಮಕ್ಕಳ ಪಾಲಿಗೆ ಅದು ಗಂಟೆ. ಕರ್ನಾಟಕದ ಕೂಲಿಕಾರರು, ರೈತರು, ಮಕ್ಕಳು ಹೊತ್ತನ್ನು ಅಂಕಿಯಲ್ಲಿ ಕಲಿತದ್ದು ಅರಮನೆಯ ಬಾಗಿಲಿನಲ್ಲಲ್ಲ, ಇಂಥ ಶಾಲೆ, ಕಚೇರಿ, ಚರ್ಚು, ಗಿರಣಿಗಳ ಸುತ್ತಮುತ್ತ. ಅದಕ್ಕೂ ಮೊದಲು ಬಹುಜನರಿಗೆ ಸಾಕಾಗಿದ್ದದ್ದು ಅಚ್ಚಗನ್ನಡದ ಹೊತ್ತು: ಹೊತ್ತು ಹುಟ್ಟುತ್ತಿತ್ತು, ಏರುತ್ತಿತ್ತು, ಇಳಿಯುತ್ತಿತ್ತು, ಮುಳುಗುತ್ತಿತ್ತು. ಗಳಿಗೆ ಅಷ್ಟರಲ್ಲಿ ತನ್ನ 24 ನಿಮಿಷ ಕಳೆದುಕೊಂಡು ‘ಒಂದು ಗಳಿಗೆ ಕೂತುಕೋ’ ಎಂಬ ಉಪಚಾರಕ್ಕೂ ‘ಕೆಟ್ಟ ಗಳಿಗೆ’ ಎಂಬ ಶಾಪಕ್ಕೂ ಮೀಸಲಾಯಿತು. ನಿಮಿಷದ ಕಥೆ ತಿರುಗುಮುರುಗು. ರೆಪ್ಪೆ ಬಡಿಯುವಷ್ಟು ಹೊತ್ತು ಎಂದಿದ್ದ ಪದ ಹಿಗ್ಗಿ 60 ಸೆಕೆಂಡು ಆಯಿತು. ಗಂಟೆ ಮಾತ್ರ ಸದ್ದನ್ನೂ ಬಿಡಲಿಲ್ಲ, ಅಳತೆಯನ್ನೂ ಬಿಡಲಿಲ್ಲ. ಸಾರುವುದು ಅದರ ಹುಟ್ಟುಗುಣ ಎಂಬುದಕ್ಕೆ ಕಾಲಕ್ಕೆ ಸಂಬಂಧವೇ ಇಲ್ಲದ ಮಾತುಗಳೂ ಸಾಕ್ಷಿ: ಮುಚ್ಚುಮರೆಯಿಲ್ಲದೆ ಹೇಳುವುದು ಘಂಟಾಘೋಷ, ಬೆಕ್ಕಿಗೆ ಗಂಟೆ ಕಟ್ಟುವುದು ಅದರ ಬರವನ್ನು ಇಲಿಗಳಿಗೆ ತಿಳಿಸಲು.

ಸದ್ದು ಹೆಸರಿನಲ್ಲಷ್ಟೇ ಅಲ್ಲ, ಲೆಕ್ಕದಲ್ಲೂ ಕೈ ಹಾಕಿದೆ. ಇಟಲಿಯ ಊರುಗಳಲ್ಲಿ ಹಿಂದೆ ಗಡಿಯಾರಗಳು ಒಂದರಿಂದ 24ರವರೆಗೆ ಬಾರಿಸುತ್ತಿದ್ದವು. ಕೂಡಿದರೆ ದಿನಕ್ಕೆ 300 ಪೆಟ್ಟು. ಹತ್ತೊಂಬತ್ತೋ ಇಪ್ಪತ್ತೋ ಎಂದು ಎಣಿಕೆ ತಪ್ಪದವರು ಯಾರು? ಆಮೇಲೆ ಎಷ್ಟೋ ಕಡೆ ಆರಕ್ಕೇ ನಿಲ್ಲಿಸಿ ಮತ್ತೆ ಒಂದರಿಂದ ಬಾರಿಸುವ ಪದ್ಧತಿ ಬಂತು. ಹನ್ನೆರಡು ಹನ್ನೆರಡಾಗಿ ಒಡೆದರೆ ಪೆಟ್ಟುಗಳು 156ಕ್ಕೆ ಇಳಿಯುತ್ತವೆ; ಹನ್ನೆರಡೂ ಕಿವಿಗೆ ತುಸು ಹೆಚ್ಚೇ, ಆದರೆ ತಡೆದುಕೊಳ್ಳಬಹುದು.

ಕಣ್ಣಿನ ಕಾಲ ತಡವಾಗಿ ಬಂತು. ಮೈಸೂರಿನ ದೊಡ್ಡ ಗಡಿಯಾರ 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ ನಿಂತಾಗ ಅದರ ಮುಖದ ಮೇಲೆ ಕನ್ನಡ ಅಂಕಿಗಳು ಮೂಡಿದವು: ನೋಡಿ ಓದಿ ಎಂದು. ಅದಕ್ಕೂ ಮೊದಲೇ, 1906ರ ಜನವರಿ 1ರಿಂದ, ಭಾರತಕ್ಕೆಲ್ಲ ಒಂದೇ ಸಮಯ ಎಂದು ಗೊತ್ತಾಗಿತ್ತು. ಆ ಸಮಯದ ರೇಖೆ ಬೆಂಗಳೂರಿಗಿಂತ ಪೂರ್ವಕ್ಕಿರುವುದರಿಂದ ಇಲ್ಲಿ ಸೂರ್ಯ ನೆತ್ತಿಗೆ ಬರುವಾಗ ಸರಾಸರಿ 12 ಗಂಟೆ 20 ನಿಮಿಷ. ಕಾರವಾರದಲ್ಲಿ ಇನ್ನೂ ಸುಮಾರು 14 ನಿಮಿಷ ತಡ. ಹೊತ್ತಿಗೂ ಗಂಟೆಗೂ ಅಂದಿನಿಂದ ಸ್ವಲ್ಪ ಮನಸ್ತಾಪ. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರಗಳ ಕಾರ್ಖಾನೆ ಶುರುವಾದ ಮೇಲೆ ಕಾಲ ಮಣಿಕಟ್ಟಿಗೆ ಏರಿತು, ಊರಿನ ಸುದ್ದಿ ಒಬ್ಬೊಬ್ಬರ ಗುಟ್ಟಾಯಿತು. ಇಂದು ಸೆಕೆಂಡಿನ ವ್ಯಾಖ್ಯೆ ಸೀಸಿಯಂ ಪರಮಾಣುವಿನ 919,26,31,770 ಕಂಪನಗಳು. ಇಸ್ರೋದ ನಾವಿಕ್ ಉಪಗ್ರಹಗಳು ರುಬಿಡಿಯಂ ಪರಮಾಣು ಗಡಿಯಾರ ಹೊತ್ತು ತಿರುಗುತ್ತಿವೆ. ಆದರೂ ಅದು ಗಡಿಯಾರವೇ, ಆಕಾಶಕ್ಕೆ ಹಾರಿಸಿದ ಗಡಿಗೆ.

‘ಟೈಮ್ ಎಷ್ಟಾಯ್ತು’ ಎಂದು ಕೇಳುವುದು ಈಗ ನಗರದಲ್ಲಿ ಮಾತ್ರವಲ್ಲ, ಹಳ್ಳಿಯಲ್ಲೂ ರೂಢಿ. ಪ್ರಶ್ನೆ ಇಂಗ್ಲಿಷಿಗೆ ಹೋಗಿದೆ, ಇದರಿಂದ ಗಂಟೆಯ ಕಾಲ ಮುಗಿಯಿತು ಎಂದು ಕೆಲವರು ಹೇಳುತ್ತಾರೆ. ಆದರೆ ಉತ್ತರವನ್ನು ಗಮನಿಸಿ: ‘ಹತ್ತು ಗಂಟೆ’. ಕೇಳುವವನು ಯಾವ ಪದ ಬೇಕಾದರೂ ಬಳಸಲಿ, ಹೇಳುವವನು ಅಂಕಿಯ ಪಕ್ಕದಲ್ಲಿ ಇನ್ನೂ ಗಂಟೆಯನ್ನೇ ಕೂರಿಸುತ್ತಾನೆ. ಪದಕ್ಕೆ ನಿಜವಾದ ಇಕ್ಕಟ್ಟು ಬಂದಿರುವುದು ರೈಲು ನಿಲ್ದಾಣದ ಧ್ವನಿವರ್ಧಕದಲ್ಲಿ. ಅದು ‘ಹದಿನೆಂಟು ಗಂಟೆ ಇಪ್ಪತ್ತು ನಿಮಿಷಕ್ಕೆ’ ಎಂದು ಸಾರಿದರೆ ಪ್ಲಾಟ್‌ಫಾರ್ಮಿನಲ್ಲಿ ಕುಳಿತವರು ಮನಸ್ಸಿನಲ್ಲೇ ಹನ್ನೆರಡು ಕಳೆದು ಪಕ್ಕದವರಿಗೆ ‘ಆರೂ ಇಪ್ಪತ್ತಕ್ಕಂತೆ’ ಎನ್ನುತ್ತಾರೆ. ಹದಿನೆಂಟು ಪೆಟ್ಟು ಹೊಡೆದ ಗಂಟೆಯನ್ನು ಈ ಕಡೆ ಯಾರೂ ಕೇಳಿಲ್ಲ.