ಅನ್ನಜ್ಮ ಅಝ್ಝಹ್ರಾ: ಒಂದು ಕಡಲತೀರದ ಮನೆಯ ಚರಿತ್ರೆ

ಮೆಡಿಟರೇನಿಯನ್ ಸಮುದ್ರತೀರದ ಮನೆ ಎಂದ ಕೂಡಲೇ ಕ್ಯಾಲೆಂಡರುಗಳಲ್ಲಿ ಕಾಣುವ ಚಿತ್ರವೊಂದು ನಮ್ಮ ಕಣ್ಣ ಮುಂದೆ ಬರುತ್ತದೆ. ಬಿಳಿ ಸುಣ್ಣದ ಗೋಡೆ, ನೀಲಿ ಬಾಗಿಲು, ಕಿಟಕಿಯಾಚೆ ಸಮುದ್ರ. ಇದು ಗ್ರೀಸ್ ಅಥವಾ ಇಟಲಿಯದೇ ಇರಬೇಕೆಂದು ಹೆಚ್ಚಿನವರು ಭಾವಿಸುತ್ತಾರೆ. ಆದರೆ ಆ ಸಮುದ್ರಕ್ಕೆ ದಕ್ಷಿಣದ ದಡವೊಂದಿದೆ, ಅಲ್ಲಿ ಅರಬ್ ನಾಡುಗಳಿವೆ. ಮನೆ, ತೋಟ ಮತ್ತು ಅತಿಥಿಗೃಹಗಳನ್ನು ಒಟ್ಟಿಗೆ ಕಟ್ಟುವ ಕಲೆ ಅಲ್ಲಿ ಶತಮಾನಗಳಿಂದ ಬೆಳೆದು ಬಂದಿದೆ. ಟ್ಯುನೀಶಿಯದ ರಾಜಧಾನಿ ಟ್ಯೂನಿಸ್ ನಗರದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಗುಡ್ಡದ ಮೇಲಿರುವ ಸಿದಿ ಬೂ ಸಯೀದ್ ಎಂಬ ಊರಿನಲ್ಲಿ ಅಂತಹ ಒಂದು ಮನೆಯಿದೆ. ಅದರ ಹೆಸರು 'ಅನ್ನಜ್ಮ ಅಝ್ಝಹ್ರಾ', ಅಂದರೆ ಹೊಳೆಯುವ ನಕ್ಷತ್ರ. ಅದರ ಸೌಂದರ್ಯವನ್ನು ಹೊಗಳಿದವರು ಬಹಳ ಮಂದಿ. ಅದರ ಹಿಂದಿರುವ ಹಣದ ಕಥೆ ಮತ್ತು ಒಳಗೆ ನಡೆದ ವಿದ್ಯೆಯ ಕೆಲಸ ಮಾತ್ರ ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ.

ಮೊದಲು ಆ ತೀರದ ಮನೆಗಳ ಬಗ್ಗೆ ಸ್ವಲ್ಪ ತಿಳಿಯೋಣ. ಟ್ಯೂನಿಸ್ ನಗರದ ಬೇಸಿಗೆ ಸುಡು ಬೇಸಿಗೆ. ಅನುಕೂಲಸ್ಥ ಕುಟುಂಬಗಳು ಆ ತಿಂಗಳುಗಳಲ್ಲಿ ನಗರದ ಇಕ್ಕಟ್ಟಿನ ಓಣಿಗಳನ್ನು ಬಿಟ್ಟು ಲಾ ಮರ್ಸಾ, ಸಿದಿ ಬೂ ಸಯೀದ್ ಮುಂತಾದ ಕಡಲತೀರದ ಊರುಗಳಿಗೆ ಹೋಗುತ್ತಿದ್ದವು. ಅಲ್ಲಿ ಅವರಿಗೆ 'ಸಾನಿಯ' ಇರುತ್ತಿತ್ತು. ಸಾನಿಯ ಎಂದರೆ ಪ್ರಾಣಿಗಳಿಂದ ನೀರೆತ್ತುವ ಬಾವಿಯಿರುವ ತೋಟ. ತೋಟವೇ ಮುಖ್ಯ, ಮನೆ ಅದರೊಳಗಿನ ಒಂದು ಭಾಗ. ಈ ಪದ್ಧತಿ ಹಳೆಯದು. ಸುಮಾರು ಕ್ರಿ.ಶ. 1500ರಲ್ಲಿ ಹಫ್ಸಿ ಸುಲ್ತಾನರು ಲಾ ಮರ್ಸಾದಲ್ಲಿ ಕಟ್ಟಿಸಿದ ಅಬ್ದಲಿಯ್ಯ ಅರಮನೆಯ ಒಂದು ಭಾಗ ಇಂದಿಗೂ ನಿಂತಿದೆ. 1609ರ ನಂತರ ಸ್ಪೇನಿನಿಂದ ಹೊರದಬ್ಬಲ್ಪಟ್ಟ ಸಾವಿರಾರು ಮುಸ್ಲಿಮರು ಟ್ಯುನೀಶಿಯಕ್ಕೆ ಬಂದು ನೆಲೆಸಿದಾಗ ಆಂದಲೂಸಿನ ಕೃಷಿ, ಹೆಂಚಿನ ಕೆಲಸ, ತೋಟಗಾರಿಕೆಗಳೂ ಅವರೊಂದಿಗೆ ಬಂದವು. ಆಂದಲೂಸಿನಿಂದ ಬಂದ ಇನ್ನೊಂದು ಸಂಪತ್ತು ಸಂಗೀತ. ಅದರ ವಿಷಯ ಮುಂದೆ ಬರುತ್ತದೆ.

ಈ ಮನೆಗಳು ಹೊರಗಿನಿಂದ ನೋಡಿದರೆ ಏನೂ ಹೇಳುವುದಿಲ್ಲ. ಬರಿಯ ಬಿಳಿ ಗೋಡೆ, ಮೊಳೆಗಳಿಂದ ಅಲಂಕರಿಸಿದ ದಪ್ಪ ಬಾಗಿಲು. ಬಾಗಿಲು ದಾಟಿದರೆ 'ಸ್ಕೀಫ' ಎಂಬ ಮೊಗಸಾಲೆ. ಅದು ನೇರವಾಗಿ ಒಳಗೆ ಹೋಗದೆ ಒಂದು ತಿರುವು ತೆಗೆದುಕೊಳ್ಳುತ್ತದೆ. ಬಾಗಿಲು ತೆರೆದಿದ್ದರೂ ಬೀದಿಯಲ್ಲಿ ಹೋಗುವವರ ಕಣ್ಣು ಮನೆಯ ಹೆಂಗಸರ ಮೇಲೆ ಬೀಳಬಾರದೆಂಬುದೇ ಈ ತಿರುವಿನ ಉದ್ದೇಶ. ಅದನ್ನು ದಾಟಿದರೆ 'ವಸ್ತುದ್ದಾರ್', ಅಂದರೆ ಆಕಾಶಕ್ಕೆ ತೆರೆದ ನಡು ಅಂಗಳ. ನಮ್ಮ ಹಳೆಯ ತೊಟ್ಟಿ ಮನೆಗಳನ್ನು ಕಂಡವರಿಗೆ ಇದು ಅಪರಿಚಿತವಾಗಿ ಕಾಣಲಾರದು. ಸುತ್ತಲೂ ಕೋಣೆಗಳು, ಅಂಗಳದ ಅಡಿಯಲ್ಲಿ 'ಮಾಜಿಲ್' ಎಂಬ ನೀರಿನ ತೊಟ್ಟಿ. ಮಳೆ ಕಡಿಮೆಯಿರುವ ನಾಡಿನಲ್ಲಿ ಮಾಳಿಗೆಯ ಮೇಲೆ ಬಿದ್ದ ಮಳೆನೀರನ್ನು ಹೀಗೆ ಕೂಡಿಡುತ್ತಿದ್ದರು. ದೊಡ್ಡ ಮನೆಗಳಲ್ಲಿ ಇವೆಲ್ಲದರ ಜೊತೆಗೆ 'ದಾರ್ ಅದ್ದಿಯಾಫ್', ಅಂದರೆ ಅತಿಥಿಗಳ ಮನೆ, ಪ್ರತ್ಯೇಕವಾಗಿ ಇರುತ್ತಿತ್ತು. ಬಂದವರು ಮನೆಯವರ ಏಕಾಂತಕ್ಕೆ ಭಂಗ ತಾರದೆ ದಿನಗಟ್ಟಲೆ ಉಳಿಯಲು ಇದರಿಂದ ಸಾಧ್ಯವಾಗುತ್ತಿತ್ತು.

ಸಿದಿ ಬೂ ಸಯೀದ್ ಊರಿಗೆ ಆ ಹೆಸರು ಬಂದದ್ದು ಅಬೂ ಸಯೀದ್ ಅಲ್ ಬಾಜಿ (1156-1231) ಎಂಬ ಸೂಫಿ ಗುರುವಿನಿಂದ. ಅದಕ್ಕೂ ಮೊದಲು ಆ ಗುಡ್ಡಕ್ಕೆ ಜಬಲುಲ್ ಮನಾರ್, ದೀಪಸ್ತಂಭದ ಗುಡ್ಡ, ಎಂದು ಹೆಸರು. ಗುರುವಿನ ಸಮಾಧಿಯ ಸುತ್ತ ಊರು ಬೆಳೆಯಿತು.

ಈಗ ಹಣದ ಕಥೆಗೆ ಬರೋಣ. 19ನೇ ಶತಮಾನದ ನಡುವಿನಲ್ಲಿ ಟ್ಯುನೀಶಿಯವನ್ನು ಆಳುತ್ತಿದ್ದವರು 'ಬೇ' ಎಂಬ ಬಿರುದಿನ ಅರಸರು. 1861ರಲ್ಲಿ ಮುಹಮ್ಮದ್ ಅಸ್ಸಾದಿಕ್ ಬೇ ಕಾಲದಲ್ಲಿ ಅರಬ್ ಜಗತ್ತಿನ ಮೊದಲ ಲಿಖಿತ ಸಂವಿಧಾನ ಅಲ್ಲಿ ಜಾರಿಗೆ ಬಂತು. ಇಷ್ಟು ಒಳ್ಳೆಯ ಆರಂಭ ಮಾಡಿದ ರಾಜ್ಯ ಕೇವಲ ಇಪ್ಪತ್ತು ವರ್ಷಗಳಲ್ಲಿ ಪರರ ಪಾಲಾದದ್ದು ಹೇಗೆ? ಅದಕ್ಕೆ ಉತ್ತರ ಬಹುಪಾಲು ಸಾಲದಲ್ಲಿದೆ. 1863ರಲ್ಲಿ ಬೇ ಸರ್ಕಾರ ಪ್ಯಾರಿಸ್ಸಿನ ಬ್ಯಾಂಕರ್ ಎಮಿಲ್ ದೆರ್ಲಾಂಜೆ ಎಂಬವರ ಮೂಲಕ ಸುಮಾರು ಮೂರೂವರೆ ಕೋಟಿ ಫ್ರಾಂಕ್ ಸಾಲ ಎತ್ತಿತು. ಮರುಪಾವತಿಯ ಮೊತ್ತ ಪಡೆದ ಹಣಕ್ಕಿಂತ ಎಷ್ಟೋ ಹೆಚ್ಚಿತ್ತು. ಬಂದ ಹಣದಲ್ಲಿಯೂ ದಳ್ಳಾಳಿಗಳು ಮತ್ತು ಪ್ರಧಾನಮಂತ್ರಿ ಮುಸ್ತಫಾ ಖಝ್ನದಾರ್ ಕಡೆಯವರು ಪಾಲು ತೆಗೆದುಕೊಂಡರು.

ಸಾಲ ತೀರಿಸಬೇಕಾದವರು ಯಾರು? ರೈತರು ಮತ್ತು ಕುರಿಗಾಹಿಗಳು. 'ಮಜ್ಬಾ' ಎಂಬ ತಲೆಗಂದಾಯವನ್ನು 36 ಪಿಯಾಸ್ತರಿನಿಂದ 72ಕ್ಕೆ, ಅಂದರೆ ಒಂದೇ ಏಟಿಗೆ ಎರಡು ಪಟ್ಟು, ಏರಿಸಲಾಯಿತು. 1864ರಲ್ಲಿ ಅಲಿ ಬಿನ್ ಗಿದಾಹಿಮ್ ಎಂಬ ಬುಡಕಟ್ಟು ಮುಖಂಡನ ನೇತೃತ್ವದಲ್ಲಿ ದೇಶದ ಒಳನಾಡು ದಂಗೆಯೆದ್ದಿತು. ಸರ್ಕಾರ ಸಂವಿಧಾನವನ್ನು ಅಮಾನತಿನಲ್ಲಿಟ್ಟು ದಂಗೆಯನ್ನು ಕ್ರೂರವಾಗಿ ಅಡಗಿಸಿತು. ಅಲಿ ಬಿನ್ ಗಿದಾಹಿಮ್ 1867ರಲ್ಲಿ ಸೆರೆಮನೆಯಲ್ಲಿ ತೀರಿಕೊಂಡ. 1869ರಲ್ಲಿ ಫ್ರಾನ್ಸ್, ಬ್ರಿಟನ್ ಮತ್ತು ಇಟಲಿಯ ಸಾಲಗಾರರ ಪರವಾಗಿ ಅಂತಾರಾಷ್ಟ್ರೀಯ ಹಣಕಾಸು ಆಯೋಗವೊಂದು ಟ್ಯೂನಿಸ್ಸಿನಲ್ಲಿ ಬಂದು ಕೂತಿತು. 1870ರಲ್ಲಿ ಒಟ್ಟು ಸಾಲವನ್ನು 12.5 ಕೋಟಿ ಫ್ರಾಂಕ್ ಎಂದು ನಿಗದಿ ಮಾಡಲಾಯಿತು. ದೇಶದ ಆದಾಯದ ಸುಮಾರು ಅರ್ಧ ಇದರ ಕಂತಿಗೇ ಹೋಗುತ್ತಿತ್ತು. 1881ರ ಮೇ 12ರಂದು ಬಾರ್ಡೋ ಒಪ್ಪಂದಕ್ಕೆ ಸಹಿ ಬಿದ್ದು ಟ್ಯುನೀಶಿಯ ಫ್ರೆಂಚರ ಆಶ್ರಿತ ರಾಜ್ಯವಾಯಿತು.

ಈ ಕತ್ತಲೆಯ ನಡುವೆ ಒಂದು ಹೆಸರನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು. ಅದು ಖೈರುದ್ದೀನ್ ಪಾಶಾ. ಗುಲಾಮನಾಗಿ ಬಂದು ಪ್ರಧಾನಮಂತ್ರಿಯ ಸ್ಥಾನಕ್ಕೇರಿದ ಇವರು 1875ರಲ್ಲಿ ಟ್ಯೂನಿಸ್ಸಿನಲ್ಲಿ ಸಾದಿಕಿ ಕಾಲೇಜನ್ನು ಸ್ಥಾಪಿಸಿದರು. ಖಝ್ನದಾರ್‌ನಿಂದ ವಶಪಡಿಸಿಕೊಂಡ ಆಸ್ತಿಗಳನ್ನು ವಕ್ಫ್ ಆಗಿ ಪರಿವರ್ತಿಸಿ ಅದರ ಆದಾಯದಿಂದ ಕಾಲೇಜನ್ನು ನಡೆಸಲಾಯಿತು. ಲೂಟಿಯಾದ ಹಣದ ಒಂದು ಪಾಲಾದರೂ ಮಕ್ಕಳ ಪುಸ್ತಕಕ್ಕೆ ಹಿಂದಿರುಗಿ ಬಂತು! ಮುಂದೆ ಸ್ವತಂತ್ರ ಟ್ಯುನೀಶಿಯವನ್ನು ಮುನ್ನಡೆಸಿದ ಹಬೀಬ್ ಬೂರ್ಗಿಬಾ ಕೂಡ ಈ ಕಾಲೇಜಿನ ವಿದ್ಯಾರ್ಥಿಯೇ.

ಸಾಲ ಕೊಡಿಸಿದ ಎಮಿಲ್ ದೆರ್ಲಾಂಜೆಯ ಮಗನೇ ರೊಡಾಲ್ಫ್. 1872ರಲ್ಲಿ ಪ್ಯಾರಿಸ್ ಬಳಿ ಹುಟ್ಟಿದ ಈತನಿಗೆ ಬ್ಯಾಂಕಿನ ವ್ಯವಹಾರದಲ್ಲಿ ಆಸಕ್ತಿಯಿರಲಿಲ್ಲ. ಚಿತ್ರಕಲೆ ಕಲಿತ. ಆರೋಗ್ಯವೂ ಅಷ್ಟಕ್ಕಷ್ಟೆ. 20ನೇ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ ಸಿದಿ ಬೂ ಸಯೀದ್ ಈತನ ಮನಸ್ಸನ್ನು ಸೆಳೆಯಿತು. 1912ರಿಂದ 1922ರವರೆಗೆ, ಹತ್ತು ವರ್ಷಗಳ ಕಾಲ, ಅನ್ನಜ್ಮ ಅಝ್ಝಹ್ರಾದ ಕೆಲಸ ನಡೆಯಿತು. ಆ ಕಾಲದಲ್ಲಿ ಅಲ್ಲಿ ನೆಲೆಸಿದ ಯುರೋಪಿಯನ್ನರು ಸಾಮಾನ್ಯವಾಗಿ ತಮ್ಮ ದೇಶದ ಶೈಲಿಯ ಬಂಗಲೆಗಳನ್ನೇ ಕಟ್ಟಿಸುತ್ತಿದ್ದರು. ಈತ ಮಾತ್ರ ನಾಡಿನ ಕುಶಲಕರ್ಮಿಗಳನ್ನು ಕರೆಸಿ, ನಾಡಿನ ಪದ್ಧತಿಯಲ್ಲೇ ಮನೆ ಕಟ್ಟಿಸಿದ. ಗಾರೆಯ ಮೇಲೆ ಕಬ್ಬಿಣದ ಉಳಿಯಿಂದ ಹೂಬಳ್ಳಿ ಮತ್ತು ನಕ್ಷತ್ರಗಳನ್ನು ಕೊರೆಯುವ 'ನಕ್ಶ್ ಹದೀದ' ಎಂಬ ಕಲೆ, ಬಣ್ಣ ಬಳಿದ ಮರದ ಚಾವಣಿ, ಅಮೃತಶಿಲೆಯ ಕಂಬಗಳು, ನೀಲಿ ಬಣ್ಣದ ಮರದ ಜಾಲಂದ್ರಗಳು ಇವೆಲ್ಲ ಅಲ್ಲಿ ಒಟ್ಟಾಗಿವೆ. ಒಂದು ಕೋಣೆಯಲ್ಲಿ ಅಮೃತಶಿಲೆಯ ನೆಲದ ನಡುವೆಯೇ ನೀರಿನ ಕಿರುಕಾಲುವೆ ಹರಿಯುತ್ತದೆ. ಹೊರಗೆ ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತೋಟ. ಕೆಳಗೆ ಟ್ಯೂನಿಸ್ ಕೊಲ್ಲಿ, ಎದುರಿಗೆ ಎರಡು ಶಿಖರಗಳ ಬೂಕರ್ನೈನ್ ಬೆಟ್ಟ.

ಮನೆಯ ಜೊತೆಗೆ ಊರಿನ ಬಗ್ಗೆಯೂ ಈತ ಚಿಂತಿಸಿದ. ಈತನ ಒತ್ತಾಯದಿಂದ 1915ರಲ್ಲಿ ಸಿದಿ ಬೂ ಸಯೀದ್ ಊರಿನ ಸ್ವರೂಪವನ್ನು ರಕ್ಷಿಸುವ ಆದೇಶ ಹೊರಬಿತ್ತು. ಮನಸ್ಸಿಗೆ ಬಂದಂತೆ ಕಟ್ಟಡ ಕಟ್ಟುವುದಕ್ಕೆ ತಡೆ ಬಿತ್ತು. ಇಂದು ಪ್ರವಾಸಿಗರು ಮೆಚ್ಚುವ ಬಿಳಿ ಮತ್ತು ನೀಲಿಯ ಊರು ಹಾಗೆಯೇ ಉಳಿದುಬಂದದ್ದಕ್ಕೆ ಈ ಆದೇಶವೂ ಕಾರಣ.

ಆದರೆ ಈ ಮನೆಗೆ ಚರಿತ್ರೆಯಲ್ಲಿ ಸ್ಥಾನ ಸಿಕ್ಕಿದ್ದು ಅಲ್ಲಿಗೆ ಬಂದ ಅತಿಥಿಗಳಿಂದ. ಆಂದಲೂಸಿನಿಂದ ಬಂದ ಸಂಗೀತಕ್ಕೆ ಟ್ಯುನೀಶಿಯದಲ್ಲಿ 'ಮಾಲೂಫ್' ಎಂದು ಹೆಸರು. ಸೂಫಿ ಝಾವಿಯಗಳಲ್ಲಿ ಗುರುವಿನ ಬಾಯಿಯಿಂದ ಶಿಷ್ಯನ ಕಿವಿಗೆ ಬಂದ ವಿದ್ಯೆ ಅದು. ಬರಹದಲ್ಲಿ ಇರಲಿಲ್ಲ. ಒಬ್ಬ ಹಿರಿಯ ಗುರು ತೀರಿಕೊಂಡರೆ ಅವರೊಂದಿಗೆ ಎಷ್ಟೋ ರಚನೆಗಳು ಮಣ್ಣಾಗುತ್ತಿದ್ದವು. ಬ್ಯಾರನ್ ದೆರ್ಲಾಂಜೆ ಶೇಖ್ ಅಹ್ಮದ್ ಅಲ್ ವಾಫಿ ಎಂಬ ಹಿರಿಯ ವಿದ್ವಾಂಸರ ಬಳಿ ಈ ಸಂಗೀತವನ್ನು ಅಭ್ಯಾಸ ಮಾಡಿದ. ಅಲ್ ವಾಫಿ 1921ರಲ್ಲಿ ತೀರಿಕೊಂಡರು. ಅನಂತರ ಮನ್ನೂಬಿ ಸನೂಸಿ ಎಂಬ ಟ್ಯುನೀಶಿಯದ ಯುವಕ ಕಾರ್ಯದರ್ಶಿಯಾಗಿ ಸೇರಿದರು. ಊದ್ ವಾದಕ ಖಮೈಸ್ ತರ್ನಾನ್ ಅಲ್ಲಿ ನುಡಿಸಿದರು. 1931ರಲ್ಲಿ ಅಲೆಪ್ಪೊದ ಪ್ರಸಿದ್ಧ ಸಂಗೀತ ವಿದ್ವಾಂಸ ಶೇಖ್ ಅಲಿ ಅಲ್ ದರ್ವೀಶ್ ಬಂದು ಅರಬ್ ಸಂಗೀತದ ಮಖಾಮ್ ಮತ್ತು ತಾಳಗಳ ವಿವರವನ್ನು ಒದಗಿಸಿಕೊಟ್ಟರು. ದಾರ್ ಅದ್ದಿಯಾಫ್ ಎಂಬ ಹಳೆಯ ಪದ್ಧತಿ ಇಲ್ಲಿ ಒಂದು ಪಾಠಶಾಲೆಯೇ ಆಯಿತೆನ್ನಬಹುದು.

ಈ ಕೆಲಸದ ಫಲ ಫ್ರೆಂಚ್ ಭಾಷೆಯಲ್ಲಿ ಪ್ಯಾರಿಸ್ಸಿನಿಂದ ಪ್ರಕಟವಾದ 'ಅರಬ್ ಸಂಗೀತ' ಎಂಬ ಆರು ಸಂಪುಟಗಳು. ಕ್ರಿ.ಶ. 950ರಲ್ಲಿ ತೀರಿಕೊಂಡ ಅಲ್ ಫಾರಾಬಿಯನ್ನು ನಾವು ತತ್ವಜ್ಞಾನಿ ಎಂದು ಓದುತ್ತೇವೆ. ಅವರ 'ಕಿತಾಬುಲ್ ಮೂಸೀಕಿಲ್ ಕಬೀರ್' ಸಂಗೀತಶಾಸ್ತ್ರದ ಮಹಾಗ್ರಂಥ. 1930ರ ಮೊದಲ ಸಂಪುಟ ಮತ್ತು 1935ರ ಎರಡನೆಯ ಸಂಪುಟದಲ್ಲಿ ಇದರ ಅನುವಾದವಿದೆ, ಜೊತೆಗೆ ಇಬ್ನ್ ಸೀನಾರ 'ಅಶ್ಶಿಫಾ'ದ ಸಂಗೀತ ಭಾಗವೂ ಇದೆ. ಮೂರನೆಯದರಲ್ಲಿ ಬಗ್ದಾದಿನ ಸಫಿಯುದ್ದೀನ್ ಅಲ್ ಉರ್ಮವಿಯ ಗ್ರಂಥಗಳು. ಐದು ಮತ್ತು ಆರನೆಯ ಸಂಪುಟಗಳು ಆಧುನಿಕ ಅರಬ್ ಸಂಗೀತದ ಶಾಸ್ತ್ರವನ್ನು ಕುರಿತವು. ಆರನೆಯದು ಹೊರಬಂದದ್ದು 1959ರಲ್ಲಿ.

1932ರ ಮಾರ್ಚ್ ತಿಂಗಳಲ್ಲಿ ಈಜಿಪ್ಟಿನ ದೊರೆ ಫುಆದ್ ಆಶ್ರಯದಲ್ಲಿ ಕೈರೋದಲ್ಲಿ ಅರಬ್ ಸಂಗೀತದ ಮಹಾಸಮ್ಮೇಳನ ನಡೆಯಿತು. ಅದರ ತಯಾರಿಯಲ್ಲಿ ದೆರ್ಲಾಂಜೆಯ ಪಾತ್ರ ದೊಡ್ಡದು. ಆದರೆ ಕಾಯಿಲೆಯಿಂದಾಗಿ ಹೋಗಲು ಆಗಲಿಲ್ಲ. ಇತಿಹಾಸಕಾರ ಹಸನ್ ಹುಸ್ನಿ ಅಬ್ದುಲ್ ವಹ್ಹಾಬ್ ನೇತೃತ್ವದ ಟ್ಯುನೀಶಿಯದ ತಂಡದಲ್ಲಿ ತರ್ನಾನ್ ಇದ್ದರು. ತಂಡದ ಮಾಲೂಫ್ ಗಾಯನ ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಣವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಬ್ಯಾರನ್ ಸಿದಿ ಬೂ ಸಯೀದ್‌ನಲ್ಲೇ ಕೊನೆಯುಸಿರೆಳೆದ. ಎರಡು ವರ್ಷಗಳ ನಂತರ, 1934ರಲ್ಲಿ, ಟ್ಯೂನಿಸ್ಸಿನ ಸಂಗೀತಗಾರರು ಮತ್ತು ವಿದ್ಯಾವಂತರು ಸೇರಿ 'ರಶೀದಿಯ್ಯ' ಎಂಬ ಸಂಸ್ಥೆಯನ್ನು ಕಟ್ಟಿದರು. ಮಾಲೂಫ್‌ಗೆ ಸ್ವರಲಿಪಿ ಬರೆಯುವ, ಮಕ್ಕಳಿಗೆ ಕಲಿಸುವ ಕೆಲಸ ಅಲ್ಲಿ ಆರಂಭವಾಯಿತು. ತರ್ನಾನ್ ಅಲ್ಲಿ ಗುರುಗಳಾದರು.

ತಂದೆಯ ಸಾಲಕ್ಕೆ ಮಗ ಪ್ರಾಯಶ್ಚಿತ್ತ ಮಾಡಿದ ಎಂದು ಇಷ್ಟನ್ನೂ ಸುಲಭವಾಗಿ ಹೇಳಿಬಿಡಬಹುದು. ನನಗೆ ಹಾಗನ್ನಿಸುವುದಿಲ್ಲ. ಮಗನು ಹತ್ತು ವರ್ಷ ಮನೆ ಕಟ್ಟಿಸಿದ್ದು ಬ್ಯಾಂಕಿನ ಮನೆತನದ ಸಿರಿವಂತಿಕೆಯಿಂದ. 72 ಪಿಯಾಸ್ತರ್ ಕೊಡಲಾಗದೆ ಕುರಿ ಮಾರಿದವರ ಲೆಕ್ಕ ಅದರಿಂದ ತೀರುವುದಿಲ್ಲ. ಹಾಗೆಂದು ಮಗನ ಕೆಲಸವನ್ನು ತಳ್ಳಿಹಾಕುವುದೂ ಅನ್ಯಾಯವೇ. ಅಲ್ ಫಾರಾಬಿಯ ಗ್ರಂಥದ ಫ್ರೆಂಚ್ ಅನುವಾದ ಹೊರಬಂದದ್ದು ಈ ಮನೆಯ ಕೆಲಸದಿಂದ. ನಾವು ನೆನಪಿಡಬೇಕಾದ ಇನ್ನೊಂದು ವಿಷಯವಿದೆ. ಬ್ಯಾರನ್ ಬದುಕಿದ್ದಾಗ ಪ್ರಕಟವಾದದ್ದು ಒಂದೇ ಸಂಪುಟ. ಉಳಿದ ಐದನ್ನು ದಡ ಸೇರಿಸಲು ಇಪ್ಪತ್ತೇಳು ವರ್ಷ ದುಡಿದವರಲ್ಲಿ ಮುಖ್ಯರು ಮನ್ನೂಬಿ ಸನೂಸಿ. ಪುಸ್ತಕಗಳು ಮಾತ್ರ ಇಂದಿಗೂ ಬ್ಯಾರನ್ ಹೆಸರಿನಲ್ಲೇ ಪ್ರಸಿದ್ಧ.

ಟ್ಯುನೀಶಿಯ 1956ರಲ್ಲಿ ಸ್ವತಂತ್ರವಾಯಿತು. ಮನೆ ಇನ್ನೂ ಕೆಲವು ದಶಕ ದೆರ್ಲಾಂಜೆ ಕುಟುಂಬದ ಬಳಿಯೇ ಇತ್ತು. 1980ರ ದಶಕದ ಕೊನೆಯಲ್ಲಿ ಸರ್ಕಾರ ಅದನ್ನು ತನ್ನದಾಗಿಸಿಕೊಂಡಿತು. 1990ರ ದಶಕದ ಆರಂಭದಿಂದ ಅದು ಅರಬ್ ಮತ್ತು ಮೆಡಿಟರೇನಿಯನ್ ಸಂಗೀತ ಕೇಂದ್ರ. ಬ್ಯಾರನ್ ಕೂಡಿಸಿದ ವಾದ್ಯಗಳನ್ನು ಅಲ್ಲಿ ನೋಡಬಹುದು. ದೇಶದ ಧ್ವನಿಮುದ್ರಣಗಳ ರಾಷ್ಟ್ರೀಯ ಭಂಡಾರವೂ ಅದೇ ಮನೆಯಲ್ಲಿದೆ. ಸಂಶೋಧನೆಗೆ ಬಂದ ವಿದ್ಯಾರ್ಥಿಗಳು ಹಳೆಯ ಗಾಯಕರ ದನಿಯನ್ನು ಅಲ್ಲಿ ಕುಳಿತು ಕೇಳುತ್ತಾರೆ.